ಚಳಿಗಾಲದ ಸಮುದ್ರ ಪ್ರವಾಸಕ್ಕೆ ಸ್ನಾರ್ಕೆಲಿಂಗ್ ಸಾಮಾನು, ವೆಟ್‌ಸೂಟ್ ಆರಿಸೋದು ಹೇಗೆ: ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಕ್ರಿಸ್‌ಮಸ್ ರಜೆಗೆ ಅಂಡಮಾನ್‌ಗೋ, ಲಕ್ಷದ್ವೀಪಕ್ಕೋ, ಮಾಲ್ಡೀವ್ಸ್‌ಗೋ ಹೋಗಿ ಸ್ನಾರ್ಕೆಲಿಂಗ್ (ಮುಖ ನೀರಿಗಿಟ್ಟು ತೇಲುತ್ತಾ, ಕೊಳವೆಯಿಂದ ಉಸಿರಾಡಿಕೊಂಡು ಕೆಳಗೆ ನೋಡೋದು) ಮಾಡಿ ಬಂದ ಮನೆಗಳಲ್ಲಿ ಕೇಳಿ ನೋಡಿ, ದೂರು ಹೆಚ್ಚುಕಮ್ಮಿ ಒಂದೇ. ಮಾಸ್ಕ್ ಒಳಗೆ ನೀರು ನುಗ್ಗಿತು. ಗಾಜು ಮಂಜಾಗಿ ಏನೂ ಕಾಣಲಿಲ್ಲ. ಮಗು ಅರ್ಧ ಗಂಟೆಗೇ ನಡುಗಿ ಅಳೋಕೆ ಶುರು ಮಾಡಿತು. ನೀರಿನಲ್ಲಿ ಮೈ ಬೆಚ್ಚಗಿರಲಿ ಅಂತ ಅಷ್ಟು ದುಡ್ಡು ಕೊಟ್ಟು ತಂದ ರಬ್ಬರಿನ ವೆಟ್‌ಸೂಟ್ ಬ್ಯಾಗಿನಿಂದ ಹೊರಗೇ ಬರಲಿಲ್ಲ.

ಬಹುಪಾಲು ಸಲ ತಪ್ಪು ಆಗೋದು ಕೊಳ್ಳುವ ಕ್ರಮದಲ್ಲಿ. ನಮ್ಮೂರಿನ ಚಳಿಯಲ್ಲಿ ಕೂತು ಯೋಚನೆ ಮಾಡುವಾಗ ಮೊದಲು ತಲೆಗೆ ಬರೋದು ವೆಟ್‌ಸೂಟ್. ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ಮಾಸ್ಕ್, ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಮಾತ್ರ ಆನ್‌ಲೈನ್‌ನಲ್ಲಿ ಕಂಡ ಅಗ್ಗದ ಕಾಂಬೋ ಸೆಟ್. ಇದು ಪೂರ್ತಿ ತಿರುಗುಮುರುಗು. ಮೊದಲು ಹೋಗುವ ಜಾಗದ ನೀರು ತಿಳಿದುಕೊಳ್ಳಿ. ಆಮೇಲೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಅದಾದ ಮೇಲೆ ಸ್ನಾರ್ಕೆಲ್, ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ). ವೆಟ್‌ಸೂಟ್ ಕೊನೆಗೆ. ಹಲವರಿಗೆ ಅದು ಬೇಕಾಗುವುದೇ ಇಲ್ಲ.

ಹೊರಡುವ ಒಂದೂವರೆ ತಿಂಗಳ ಮೊದಲೇ ಕೆಲಸ ಶುರು ಮಾಡಿ. ನಮ್ಮಲ್ಲಿ ಇದಕ್ಕೇ ಅಂತ ಇರುವ ಅಂಗಡಿ ಹುಡುಕಿದರೂ ಸಿಗೋದು ಕಷ್ಟ. ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲವೇ ಬೆಂಗಳೂರಿಗೆ ಹೋದಾಗ ನೋಡಿ ತರಬೇಕು. ತರಿಸಿದ್ದು ಅಳತೆಗೆ ಬರದಿದ್ದರೆ ವಾಪಸ್ ಕಳಿಸಿ ಬೇರೆ ತರಿಸೋಕೆ ದಿನ ಹಿಡಿಯುತ್ತದೆ. ತೋಟದ ವಿಳಾಸಕ್ಕೆ ಕೊರಿಯರ್ ಬರೋದು ಇನ್ನೂ ನಿಧಾನ. ಅದೂ ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲಿನ ಗಡಿಬಿಡಿ ಬೇರೆ. ಆಗ ಮಾಸ್ಕ್ ಹಾಕಿ ನೋಡೋಕೆ ಯಾರಿಗೂ ಪುರುಸೊತ್ತು ಇರಲ್ಲ.

ಹಂತ 1: ನೀರಿನ ಲೆಕ್ಕ ಹಾಕಿ

ಡಿಸೆಂಬರ್ ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ಸ್ವೆಟರ್ ಇಲ್ಲದೆ ಅಂಗಳಕ್ಕೆ ಇಳಿಯೋದು ಕಷ್ಟ. ಆದರೆ ಅದೇ ದಿನ ಅಂಡಮಾನ್ ಸಮುದ್ರದ ನೀರು 27ರಿಂದ 28 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಲಕ್ಷದ್ವೀಪ, ಮಾಲ್ಡೀವ್ಸ್, ಥಾಯ್ಲೆಂಡಿನ ಪಶ್ಚಿಮ ಕರಾವಳಿ, ಮುರುಡೇಶ್ವರದ ಹತ್ತಿರದ ನೇತ್ರಾಣಿ, ಎಲ್ಲ ಕಡೆಯೂ ಹೆಚ್ಚುಕಮ್ಮಿ ಇಷ್ಟೇ. ಈಜಿಪ್ಟಿನ ಕೆಂಪು ಸಮುದ್ರಕ್ಕೆ ಹೋಗುವವರು ಮಾತ್ರ ಬೇರೆ ಲೆಕ್ಕ ಹಾಕಬೇಕು. ಅಲ್ಲಿ ಜನವರಿ, ಫೆಬ್ರವರಿಯಲ್ಲಿ ನೀರು 21ರಿಂದ 23 ಡಿಗ್ರಿಗೆ ಇಳಿಯುತ್ತದೆ.

28 ಡಿಗ್ರಿ ಅಂದರೆ ಬೆಚ್ಚಗೇ ಅಲ್ವಾ, ಹಾಗಾದರೆ ಚಳಿ ಯಾಕೆ ಆಗುತ್ತದೆ? ನಮ್ಮ ಮೈ 37 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಸ್ನಾರ್ಕೆಲಿಂಗ್‌ನಲ್ಲಿ ಮೈಗೆ ಅಂಥ ಕೆಲಸವೂ ಇರಲ್ಲ, ಸುಮ್ನೆ ಮೇಲೆ ತೇಲಿಕೊಂಡು ಕೆಳಗೆ ನೋಡುತ್ತಿರುತ್ತೀರಿ. ಹಾಗಾಗಿ ಮೊದಲ ಹತ್ತು ನಿಮಿಷ ಹಾಯಾಗಿದ್ದದ್ದು 40 ನಿಮಿಷಕ್ಕೆ ಚಳಿಯಾಗುತ್ತದೆ.

ಒಂದು ಕಾಗದದಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ನೀರಿನ ಉಷ್ಣಾಂಶ ಎಷ್ಟು, ಒಂದು ಸಲಕ್ಕೆ ಎಷ್ಟು ಹೊತ್ತು ನೀರಿನಲ್ಲಿ ಇರುತ್ತೀರಿ, ಯಾರ್‍ಯಾರು ಇಳಿಯುತ್ತಾರೆ, ದಡದಿಂದ ಇಳಿಯುತ್ತೀರೋ ದೋಣಿಯಿಂದಲೋ. ಮುಂದಿನ ಎಲ್ಲ ತೀರ್ಮಾನವೂ ಈ ಕಾಗದದಿಂದಲೇ ಬರಬೇಕು.

ಜಾಗ ಇನ್ನೂ ನಿಕ್ಕಿಯಾಗಿಲ್ಲ ಅಂದರೆ ಋತುವನ್ನೂ ನೋಡಿ. ಅಂಡಮಾನ್‌ನಲ್ಲಿ ಡಿಸೆಂಬರ್ ಮೊದಲ ವಾರಗಳಲ್ಲಿ ಹಿಂಗಾರಿನ ಮಳೆ ಉಳಿದಿರಬಹುದು, ಜನವರಿಯಿಂದ ನೀರು ತಿಳಿಯಾಗುತ್ತದೆ. ಶ್ರೀಲಂಕಾದಲ್ಲಿ ಈ ತಿಂಗಳುಗಳಿಗೆ ನೈಋತ್ಯ ಕರಾವಳಿ ಸರಿ, ಪೂರ್ವ ಕರಾವಳಿ ಒರಟಾಗಿರುತ್ತದೆ. ಬಾಲಿಯಲ್ಲಿ ಡಿಸೆಂಬರ್‌ನಿಂದ ಮಳೆಗಾಲ. ನೀರು ಕದಡಿದ್ದರೆ ಎಷ್ಟು ಒಳ್ಳೆ ಮಾಸ್ಕ್ ಇದ್ದರೂ ಏನೂ ಕಾಣಲ್ಲ.

ಹಂತ 2: ಕೊಳ್ಳೋದು ಯಾವುದು, ಬಾಡಿಗೆಗೆ ಯಾವುದು

ಮಾಸ್ಕ್ ಮತ್ತು ಸ್ನಾರ್ಕೆಲ್ ಸ್ವಂತದ್ದೇ ಇರಲಿ. ಮಾಸ್ಕ್ ಮುಖದ ಅಳತೆಗೆ ಕೂರಬೇಕು, ಸ್ನಾರ್ಕೆಲ್ ಬಾಯಿಗೆ ಇಡುವ ಸಾಮಾನು. ಬಾಡಿಗೆ ಕಡೆ ಎಷ್ಟೋ ಜನ ಕಚ್ಚಿ ಬಿಟ್ಟ ಕೊಳವೆಯನ್ನೇ ಬಕೆಟ್ ನೀರಿನಲ್ಲಿ ಅದ್ದಿ ಕೊಡುತ್ತಾರೆ.

ಫಿನ್ ಬಾಡಿಗೆಗೆ ಸಾಕು. ವೆಟ್‌ಸೂಟ್ ಕೂಡ ದೊಡ್ಡವರಿಗೆ ಡೈವ್ ಸೆಂಟರ್‌ಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಮಕ್ಕಳ ಅಳತೆಯದು ಎಲ್ಲ ಕಡೆ ಇರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಕೈಯಲ್ಲಿರುವ ದುಡ್ಡು ಕಡಿಮೆ ಅಂದರೆ ಅದನ್ನು ಮಾಸ್ಕ್‌ಗೆ ಹಾಕಿ. ಬೇರೆ ಯಾವ ಸಾಮಾನು ಸ್ವಲ್ಪ ಹೆಚ್ಚುಕಮ್ಮಿ ಆದರೂ ಸುಧಾರಿಸಬಹುದು, ಸೋರುವ ಮಾಸ್ಕ್ ಇಟ್ಟುಕೊಂಡು ಏನೂ ಮಾಡೋಕಾಗಲ್ಲ.

ಹಂತ 3: ಮಾಸ್ಕ್ ಆರಿಸೋದು

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ.

ಮೊದಲು ಸಾಮಾನು ನೋಡಿ. ಗಾಜು ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆಗಿರಬೇಕು, ಆ ಮಾತು ಗಾಜಿನ ಮೂಲೆಯಲ್ಲೇ ಸಣ್ಣದಾಗಿ ಅಚ್ಚಾಗಿರುತ್ತದೆ. ಪ್ಲಾಸ್ಟಿಕ್ ಗಾಜು ಬೇಗ ಗೀರು ಬೀಳುತ್ತದೆ, ಮಂಜೂ ಜಾಸ್ತಿ. ಮುಖಕ್ಕೆ ತಾಗುವ ಮೆತ್ತನೆಯ ಅಂಚಿಗೆ ಸ್ಕರ್ಟ್ ಅನ್ನುತ್ತಾರೆ. ಅದು ಸಿಲಿಕೋನ್‌ನದ್ದೇ ಆಗಬೇಕು. ಬೆರಳಲ್ಲಿ ಮಡಚಿ ಬಿಡಿ. ಸಿಲಿಕೋನ್ ಆದರೆ ತಕ್ಷಣ ಮೊದಲಿನ ಆಕಾರಕ್ಕೆ ಬರುತ್ತದೆ. ಪಿವಿಸಿ ಆದರೆ ಗಡುಸಾಗಿರುತ್ತದೆ, ಡಬ್ಬಿ ತೆಗೆದ ಕೂಡಲೇ ಪ್ಲಾಸ್ಟಿಕ್ ವಾಸನೆ ಮೂಗಿಗೆ ಹೊಡೆಯುತ್ತದೆ. ಅಂಥದ್ದನ್ನು ಅಲ್ಲೇ ಬಿಡಿ.

ಈಜುವ ಕನ್ನಡಕ ಈ ಕೆಲಸಕ್ಕೆ ಆಗಲ್ಲ. ಅದು ಮೂಗನ್ನು ಮುಚ್ಚುವುದಿಲ್ಲ, ಮೂಗಿಗೆ ನೀರು ಹೋಗಿ ಗಾಬರಿಯಾಗುತ್ತದೆ. ಸ್ವಲ್ಪ ಕೆಳಗೆ ಮುಳುಗಿದರೂ ನೀರಿನ ಒತ್ತಡಕ್ಕೆ ಕಣ್ಣಿನ ಸುತ್ತ ಎಳೆದ ಹಾಗಾಗುತ್ತದೆ. ಮಾಸ್ಕ್ ಇದ್ದರೆ ಮೂಗಿನಿಂದ ಒಂಚೂರು ಗಾಳಿ ಬಿಟ್ಟು ಆ ಒತ್ತಡವನ್ನು ಸರಿ ಮಾಡಬಹುದು. ಮೂಗಿನ ಭಾಗ ಹೊರಗಿನಿಂದ ಚಿವುಟುವ ಹಾಗೆ ಮೆತ್ತಗಿರಬೇಕು, ಕಿವಿ ಕಟ್ಟಿದಾಗ ಬೇಕಾಗುತ್ತದೆ.

ಈಗ ಮುಖದ ಪರೀಕ್ಷೆ:

1. ಪಟ್ಟಿಯನ್ನು ಮುಂದಕ್ಕೆ ಮಡಚಿ ಬಿಡಿ, ತಲೆಗೆ ಹಾಕಬೇಡಿ.
2. ಕೂದಲನ್ನೆಲ್ಲ ಹಿಂದಕ್ಕೆ ಸರಿಸಿ. ತಲೆ ಸ್ವಲ್ಪ ಮೇಲೆತ್ತಿ ಮಾಸ್ಕನ್ನು ಮುಖದ ಮೇಲೆ ಸುಮ್ನೆ ಇಡಿ. ಅಂಚು ಎಲ್ಲ ಕಡೆ ಚರ್ಮಕ್ಕೆ ತಾಗಿದೆಯಾ ಅಂತ ಇನ್ನೊಬ್ಬರು ಸುತ್ತ ನೋಡಲಿ. ಹಣೆಯ ಪಕ್ಕ, ಮೀಸೆಯ ಮೇಲೆ, ಈ ಎರಡು ಕಡೆ ಸಂದು ಉಳಿಯೋದು ಜಾಸ್ತಿ.
3. ಮೂಗಿನಿಂದ ಮೆಲ್ಲಗೆ ಉಸಿರು ಎಳೆದು ಹಿಡಿಯಿರಿ. ಕೈ ಬಿಡಿ. ಮುಖ ಕೆಳಗೆ ಮಾಡಿದರೂ ಮಾಸ್ಕ್ ಅಂಟಿಕೊಂಡೇ ಇರಬೇಕು.
4. ಸ್ನಾರ್ಕೆಲ್‌ನ ಬಾಯಿ ತುದಿಯನ್ನು ಬಾಯಲ್ಲಿ ಇಟ್ಟುಕೊಂಡು ಇನ್ನೊಮ್ಮೆ ಹಾಗೇ ಮಾಡಿ. ಬಾಯಿ ತೆರೆದಾಗ ಕೆನ್ನೆಯ ಗೆರೆ ಬದಲಾಗುತ್ತದೆ. ಮೊದಲು ಪಾಸಾದ ಮಾಸ್ಕ್ ಇಲ್ಲಿ ಎಷ್ಟೋ ಸಲ ಫೇಲಾಗುತ್ತದೆ.

ನಾಲ್ಕನೇ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ. ನನ್ನ ಕೇಳಿದರೆ ಅದೇ ಮುಖ್ಯ. ಜೋರಾಗಿ ಉಸಿರೆಳೆದು ಒತ್ತಿ ಹಿಡಿದರೆ ಯಾವ ಮಾಸ್ಕಾದರೂ ಒಂದು ಗಳಿಗೆ ಅಂಟುತ್ತದೆ, ಹಾಗೆ ಮಾಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಮೀಸೆ ಇರುವವರಿಗೆ ಮೂಗಿನ ಬುಡದಲ್ಲಿ ನೀರು ಜಿನುಗುತ್ತದೆ. ಮೀಸೆ ಬೋಳಿಸಬೇಕಾಗಿಲ್ಲ, ಮೂಗಿನ ಕೆಳಗೆ ಸ್ಕರ್ಟ್ ಕೂರುವಷ್ಟು ಒಂದು ತೆಳು ಗೆರೆ ತೆಗೆದರೆ ಸಾಕು. ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಅಂತ ಕೆಲವರು ಹೇಳುತ್ತಾರೆ, ಅದು ಸ್ಕರ್ಟನ್ನು ಹಾಳು ಮಾಡುತ್ತದೆ. ಹಚ್ಚಲೇಬೇಕು ಅಂದರೆ ಸಿಲಿಕೋನ್ ಗ್ರೀಸ್ ಸಿಗುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ನೀರಿಗೆ ಇಳಿಯಬೇಡಿ. ಎಣ್ಣೆ ಹಣೆಗೆ ಇಳಿದು ಸ್ಕರ್ಟ್ ಜಾರುತ್ತದೆ, ಕೈಯಿಂದ ಗಾಜಿಗೂ ಮೆತ್ತಿಕೊಳ್ಳುತ್ತದೆ. ಉದ್ದ ಕೂದಲಿನವರು ನೆತ್ತಿಯ ಮೇಲೆ ಗಂಟು ಹಾಕದೆ ಕುತ್ತಿಗೆಯ ಹತ್ತಿರ ಜಡೆ ಹಾಕಿ, ಆಗ ಪಟ್ಟಿ ಸರಿಯಾಗಿ ಕೂರುತ್ತದೆ. ಚಿಕ್ಕ ಮೂಗುಬೊಟ್ಟಿನಿಂದ ತೊಂದರೆ ಇಲ್ಲ. ದೊಡ್ಡದು ಮೂಗಿನ ಭಾಗಕ್ಕೆ ಒತ್ತುತ್ತದಾ ಅಂತ ಹಾಕಿ ನೋಡಿ.

ಕನ್ನಡಕ ಹಾಕುವವರಿಗೆ ಪವರ್ ಇರುವ ಗಾಜು ಕೂರಿಸುವ ಮಾಸ್ಕ್‌ಗಳಿವೆ. ಅದಕ್ಕೆ ಎರಡು ಬೇರೆ ಬೇರೆ ಗಾಜಿನ ಮಾದರಿಯೇ ಬೇಕು, ಒಂದೇ ದೊಡ್ಡ ಗಾಜಿನದ್ದಕ್ಕೆ ಕೂರಿಸಲು ಬರುವುದಿಲ್ಲ. ಮೈನಸ್ ಪವರ್‌ನವು ಸಾಮಾನ್ಯವಾಗಿ ಅರ್ಧರ್ಧ ಪವರ್ ಅಂತರದಲ್ಲಿ ಸಿಗುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಸಮುದ್ರಕ್ಕೆ ಇಳಿದರೆ ಕಣ್ಣಿನ ಸೋಂಕಿನ ಭಯ ಇದೆ, ಕಣ್ಣಿನ ಡಾಕ್ಟರನ್ನು ಕೇಳದೆ ಬೇಡ.

ಪೂರ್ತಿ ಮುಖ ಮುಚ್ಚುವ ಮಾಸ್ಕ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹಾಕಿಕೊಳ್ಳೋಕೆ ಸುಲಭ, ಮಕ್ಕಳಿಗೂ ಇಷ್ಟ. ಆದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಕಳಪೆ ಮಾದರಿಗಳಲ್ಲಿ ಬಿಟ್ಟ ಉಸಿರು ಒಳಗೇ ಉಳಿದು ಅದನ್ನೇ ಮತ್ತೆ ಎಳೆದುಕೊಳ್ಳುವ ಅಪಾಯ ಇದೆ. ಗಾಬರಿಯಾದಾಗ ಬಾಯಿಂದ ಕೊಳವೆ ಉಗುಳಿದ ಹಾಗೆ ಇದನ್ನು ಬೇಗ ಕಿತ್ತು ಹಾಕೋಕೆ ಬರಲ್ಲ. ಮೂಗು ಚಿವುಟೋಕೂ ಆಗಲ್ಲ.

ಹಂತ 4: ಹೊಸ ಮಾಸ್ಕಿನ ಮಂಜು ತೆಗೆಯೋದು

ಹೊಸ ಮಾಸ್ಕ್ ಮಂಜಾಗಲು ಕಾರಣ, ತಯಾರಿಸುವಾಗ ಗಾಜಿನ ಒಳಗಡೆ ಉಳಿದ ಕಣ್ಣಿಗೆ ಕಾಣದ ಸಿಲಿಕೋನ್ ಪದರ. ಇದನ್ನು ಮನೆಯಲ್ಲೇ ತೆಗೆಯಬೇಕು, ಬೀಚಿನಲ್ಲಿ ಆಗುವ ಕೆಲಸ ಅಲ್ಲ.

ಜೆಲ್ ಅಲ್ಲದ ಮಾಮೂಲಿ ಬಿಳಿ ಟೂತ್‌ಪೇಸ್ಟನ್ನು ಗಾಜಿನ ಒಳಮೈಗೆ ಹಚ್ಚಿ. ಬೆರಳಿನಿಂದ ಸುತ್ತು ಸುತ್ತಾಗಿ ಐದು ನಿಮಿಷ ತಿಕ್ಕಿ. ಬ್ರಷ್ ಬೇಡ. ಮೂಲೆಗಳನ್ನು ಬಿಡಬೇಡಿ. ತೊಳೆದು ಒಣಗಿಸಿ, ಮತ್ತೆ ಹಚ್ಚಿ. ಹೀಗೆ ಮೂರು ನಾಲ್ಕು ಸಲ ಮಾಡಿದ ಮೇಲೆ ಗಾಜಿನ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಟ್ಟು ನೋಡಿ. ದಟ್ಟ ಬಿಳಿ ಮಂಜು ಕೂತು ನಿಧಾನಕ್ಕೆ ಹೋದರೆ ಪದರ ಇನ್ನೂ ಇದೆ. ತೆಳುವಾಗಿ ಬಂದು ಕೂಡಲೇ ಮಾಯವಾದರೆ ಕೆಲಸ ಮುಗಿಯಿತು. ಲೈಟರ್ ಹಿಡಿದು ಪದರ ಸುಡುವವರೂ ಇದ್ದಾರೆ. ಸ್ಕರ್ಟ್ ಕರಗಬಹುದು, ಗಾಜು ಬಿರುಕು ಬಿಡಬಹುದು. ಬೇಡ. ಗಾಜಿಗೆ ಕಂಪನಿಯೇ ಮಂಜು ತಡೆಯುವ ಲೇಪ ಹಾಕಿದ್ದರೆ ಟೂತ್‌ಪೇಸ್ಟೂ ಬೇಡ, ಡಬ್ಬಿಯ ಮೇಲೆ ಬರೆದದ್ದನ್ನು ಮೊದಲು ಓದಿ.

ಸಮುದ್ರಕ್ಕೆ ಇಳಿಯುವ ಮೊದಲು ಪ್ರತಿ ಸಲವೂ ಒಂದು ಹನಿ ಬೇಬಿ ಶಾಂಪೂವನ್ನು ಒಳಗೆ ಸವರಿ, ಒಮ್ಮೆ ನೀರಿನಲ್ಲಿ ಜಾಲಿಸಿ ಹಾಕಿಕೊಳ್ಳಿ. ತೀರಾ ಜಾಸ್ತಿ ತೊಳೆದರೆ ಹಚ್ಚಿದ್ದೂ ದಂಡ.

ಹಂತ 5: ಸ್ನಾರ್ಕೆಲ್

ಸ್ನಾರ್ಕೆಲ್ ಮೂರು ಬಗೆ. ಬರೀ ಬಾಗಿದ ಕೊಳವೆ ಒಂದು. ತುದಿಯಲ್ಲಿ ಅಲೆಯ ನೀರು ತಡೆಯುವ ಮುಚ್ಚಳ ಇರುವುದು ಇನ್ನೊಂದು, ಇದಕ್ಕೆ ಸೆಮಿ ಡ್ರೈ ಅನ್ನುತ್ತಾರೆ. ಮುಳುಗಿದ ಕೂಡಲೇ ತುದಿ ತಾನಾಗಿ ಮುಚ್ಚಿಕೊಳ್ಳುವ ಡ್ರೈ ಟಾಪ್ ಮೂರನೆಯದು. ಹೊಸಬರಿಗೆ ಸೆಮಿ ಡ್ರೈ ಸಾಕು. ಕೆಳಗೆ ಪರ್ಜ್ ವಾಲ್ವ್ ಇರಲಿ, ಒಳಗೆ ಬಂದ ನೀರು ಒಂದು ಜೋರು ಊದಿಗೆ ಅಲ್ಲಿಂದ ಹೊರಗೆ ಹೋಗುತ್ತದೆ. ಡ್ರೈ ಟಾಪ್ ಕೊಂಡರೆ ಒಂದು ಮಾತು ನೆನಪಿರಲಿ: ತಲೆ ತೀರಾ ಬಗ್ಗಿಸಿದಾಗ ಅಥವಾ ಮರಳು ಸಿಕ್ಕಿದಾಗ ಮುಚ್ಚಳ ಕಚ್ಚಿಕೊಂಡು ಉಸಿರು ಬರುವುದಿಲ್ಲ. ಆಗ ತಲೆ ಎತ್ತಿ, ಕೊಳವೆಯನ್ನು ಬಾಯಿಂದ ತೆಗೆದು ಉಸಿರಾಡಬೇಕು.

ಕೊಳವೆ ಉದ್ದ ಇದ್ದಷ್ಟೂ ಒಳ್ಳೇದು ಅನ್ನೋದು ದೊಡ್ಡ ತಪ್ಪು. ದೊಡ್ಡವರಿಗೂ 40 ಸೆಂಟಿಮೀಟರ್ ಮೀರಬಾರದು. ಉದ್ದ ಜಾಸ್ತಿಯಾದರೆ ಬಿಟ್ಟ ಉಸಿರು ಕೊಳವೆಯಲ್ಲೇ ಉಳಿದು ಮತ್ತೆ ಒಳಗೆ ಬರುತ್ತದೆ. ಪೈಪ್ ಜೋಡಿಸಿ ಉದ್ದ ಮಾಡುವ ಪ್ರಯೋಗ ಜೀವಕ್ಕೇ ಅಪಾಯ. ಮಕ್ಕಳಿಗೆ ಅವರದ್ದೇ ಗಿಡ್ಡ, ಸಣ್ಣ ಕೊಳವೆ ಬೇಕು.

ಕೊಳ್ಳುವ ಮೊದಲು ಬಾಯಿಗಿಟ್ಟು ಎರಡು ನಿಮಿಷ ಉಸಿರಾಡಿ. ಎಳೆಯುವಾಗ ಎದೆಗೆ ಭಾರ ಅನ್ನಿಸಿದರೆ ಅದನ್ನು ಬಿಟ್ಟು ಬೇರೆ ನೋಡಿ. ದವಡೆ ನೋಯುತ್ತಿದ್ದರೆ ಬಾಯಿ ತುದಿ ದೊಡ್ಡದಾಗಿದೆ ಅಂತ. ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಅಗತ್ಯ ಇಲ್ಲ, ತುಟಿ ಮುಚ್ಚಿದರೆ ಸಾಕು.

ಹಂತ 6: ಫಿನ್

ನೀರು ಬೆಚ್ಚಗಿರುವ ಕಡೆ ಪೂರ್ತಿ ಪಾದ ಒಳಗೆ ಹೋಗುವ ಗಿಡ್ಡ ಫಿನ್ ಒಳ್ಳೇದು. ಹಾಕಿಕೊಂಡು ತುದಿಗಾಲಲ್ಲಿ ನಿಂತು ನೋಡಿ, ಹಿಮ್ಮಡಿ ಜಾರಬಾರದು, ಬೆರಳು ಮಡಚಿಕೊಳ್ಳಬಾರದು. ಸಡಿಲವಾದರೆ ಬೊಬ್ಬೆ ಬರುತ್ತದೆ, ಬಿಗಿಯಾದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕಲ್ಲು, ಹವಳದ ಚೂರು ಇರುವ ದಡದಿಂದ ಇಳಿಯುವವರಿಗೆ ನೀರಿನ ಬೂಟು ಬೇಕೇ ಬೇಕು, ಕಡಲಮುಳ್ಳು (ಸೀ ಅರ್ಚಿನ್ ಅನ್ನುವ ಮುಳ್ಳಿನ ಜೀವಿ) ಕಾಲಿಗೆ ಚುಚ್ಚಿದರೆ ಪ್ರವಾಸ ಅಲ್ಲಿಗೇ ಮುಗಿದ ಹಾಗೆ. ಈಜು ಬಾರದೆ ಗೈಡ್ ಜೊತೆ ಟ್ಯೂಬ್ ಹಿಡಿದು ಹೋಗುವವರಿಗೆ ಫಿನ್ ಬೇಡ. ಕಾಲು ಬಡಿದು ಹವಳ ಮುರಿಯುತ್ತದೆ.

ಹಂತ 7: ಈಗ ವೆಟ್‌ಸೂಟ್

ಹಂತ 1ರಲ್ಲಿ ಬರೆದ ಕಾಗದ ತೆಗೆಯಿರಿ.

ನೀರು 28 ಡಿಗ್ರಿ, ದೊಡ್ಡವರು, ಒಂದು ಸಲಕ್ಕೆ ಮುಕ್ಕಾಲು ಗಂಟೆ. ಹೀಗಿದ್ದರೆ ವೆಟ್‌ಸೂಟ್ ಬೇಡ. ಮೈಗೆ ಅಂಟಿ ಕೂರುವ ಉದ್ದ ತೋಳಿನ ಈಜಿನ ಅಂಗಿ ಅಂದರೆ ರ‍್ಯಾಶ್‌ಗಾರ್ಡ್, ಕಾಲಿಗೆ ಈಜಿನ ಲೆಗ್ಗಿಂಗ್ಸ್ ಸಾಕು. 26ರಿಂದ 28 ಡಿಗ್ರಿ ನೀರಿನಲ್ಲಿ ಒಂದು ಗಂಟೆಗಿಂತ ಜಾಸ್ತಿ ಇರುವವರಿಗೆ, ತೆಳ್ಳಗಿರುವವರಿಗೆ, ವಯಸ್ಸಾದವರಿಗೆ, ಮಕ್ಕಳಿಗೆ 2 ಮಿಲಿಮೀಟರ್ ದಪ್ಪದ್ದು ಸರಿ. 23ರಿಂದ 26ಕ್ಕೆ 3 ಮಿಲಿಮೀಟರಿನ ಪೂರ್ತಿ ಮೈ ಮುಚ್ಚುವ ಸೂಟ್. ಕೆಂಪು ಸಮುದ್ರದ ಜನವರಿಗೆ 5 ಮಿಲಿಮೀಟರ್. ಅಂಡಮಾನ್‌ಗೆ 5 ಮಿಲಿಮೀಟರ್ ಒಯ್ದರೆ ಬಿಸಿಲಿನಲ್ಲಿ ದೋಣಿ ಕಾಯುವಾಗಲೇ ಬೆವರಿ ತಲೆ ಸುತ್ತುತ್ತದೆ.

ವೆಟ್‌ಸೂಟ್ ನೀರನ್ನು ತಡೆಯುವುದಿಲ್ಲ. ನಿಯೋಪ್ರೀನ್ ಅನ್ನುವ ರಬ್ಬರಿನೊಳಗಿನ ಸಾವಿರಾರು ಗಾಳಿಗುಳ್ಳೆಗಳು ಬಿಸಿ ಹೊರಗೆ ಹೋಗದಂತೆ ತಡೆಯುತ್ತವೆ. ಒಳಗೆ ನುಸುಳಿದ ತೆಳು ನೀರು ಮೈಯ ಬಿಸಿಗೆ ಬೆಚ್ಚಗಾಗಿ ಅಲ್ಲೇ ನಿಲ್ಲಬೇಕು. ಸೂಟ್ ಸಡಿಲ ಆದರೆ ಆ ನೀರು ನಿಲ್ಲದೆ ಹರಿದು ಹೋಗಿ, ಪ್ರತಿ ಸಲ ಹೊಸ ತಣ್ಣೀರು ಒಳಗೆ ಬರುತ್ತದೆ. ಹಾಗಾಗಿ ಅಳತೆಗೆ ಸರಿಯಾದ 2 ಮಿಲಿಮೀಟರ್ ಸೂಟ್, ದೊಗಳೆಯಾದ 5 ಮಿಲಿಮೀಟರಿಗಿಂತ ಬೆಚ್ಚಗಿರುತ್ತದೆ.

ಮಕ್ಕಳ ವಿಷಯದಲ್ಲಿ ಇದೇ ತಪ್ಪು ಮತ್ತೆ ಮತ್ತೆ ಆಗೋದು. ಮುಂದಿನ ವರ್ಷಕ್ಕೂ ಆಗಲಿ ಅಂತ ಯೂನಿಫಾರಂ ಕೊಂಡ ಹಾಗೆ ಒಂದು ಸೈಜ್ ದೊಡ್ಡದು ತರುತ್ತಾರೆ. ದುಡ್ಡು ಉಳಿಸುವ ಆಸೆ ಅರ್ಥವಾಗುತ್ತದೆ, ಆದರೆ ಆ ಸೂಟ್ ಈ ವರ್ಷ ಕೆಲಸ ಮಾಡುವುದೇ ಇಲ್ಲ. ಈ ವರ್ಷದ ಅಳತೆಗೇ ಬಾಡಿಗೆಗೆ ತಗೊಳ್ಳಿ, ಅಥವಾ ಕೊಂಡು ಆಮೇಲೆ ತಮ್ಮನಿಗೋ ತಂಗಿಗೋ ದಾಟಿಸಿ.

ಹಾಕಿ ನೋಡುವಾಗ ಉಗುರು ಕತ್ತರಿಸಿಕೊಂಡಿರಿ. ಪಾದಕ್ಕೆ ತೆಳು ಪ್ಲಾಸ್ಟಿಕ್ ಕವರ್ ಹಾಕಿದರೆ ಸೂಟ್ ಸಲೀಸಾಗಿ ಜಾರುತ್ತದೆ. ಬೆರಳಿನ ತುದಿಯಿಂದ ಚಿವುಟಿ ಎಳೆಯಬೇಡಿ, ಉಗುರು ತಾಗಿದ ಕಡೆ ಅರ್ಧಚಂದ್ರದ ಹಾಗೆ ಹರಿಯುತ್ತದೆ. ಬೆರಳಿನ ಮೆತ್ತನೆ ಭಾಗದಲ್ಲಿ ಹಿಡಿದು, ಕಣಕಾಲಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ತೊಡೆಯ ಸಂದಿಗೆ ಪೂರ್ತಿ ಕೂತ ಮೇಲೇ ತೋಳು ಹಾಕಬೇಕು. ಜಿಪ್ ಸಾಮಾನ್ಯವಾಗಿ ಬೆನ್ನಿಗೆ ಇರುತ್ತದೆ, ಎಷ್ಟೋ ಜನ ಮುಂದಕ್ಕೆ ಹಾಕಿಕೊಂಡು ಒದ್ದಾಡುತ್ತಾರೆ.

ಹಾಕಿದ ಮೇಲೆ ಎರಡೂ ಕೈ ಮೇಲೆತ್ತಿ, ಕುಕ್ಕರಗಾಲಲ್ಲಿ ಕೂತು ಏಳಿ. ಸೊಂಟದ ಹಿಂದಿನ ತಗ್ಗು, ಕಂಕುಳು, ತೊಡೆಸಂದಿ, ಕತ್ತು, ಈ ನಾಲ್ಕು ಕಡೆ ಸಡಿಲ ಮಡಿಕೆ ಇರಬಾರದು. ಒಣಗಿರುವಾಗ ಸ್ವಲ್ಪ ಬಿಗಿ ಅನ್ನಿಸಲೇಬೇಕು, ನೀರಿನಲ್ಲಿ ಸಡಿಲವಾಗುತ್ತದೆ. ಆದರೆ ಪೂರ್ತಿ ಉಸಿರು ಎಳೆಯೋಕೆ ಆಗದಿದ್ದರೆ, ಕತ್ತು ಹಿಸುಕಿದ ಹಾಗಾದರೆ, ಬೆರಳು ಜುಮ್ಮೆಂದರೆ ಅದು ಚಿಕ್ಕದು. ಐದು ನಿಮಿಷ ಹಾಕಿಕೊಂಡೇ ಓಡಾಡಿ ತೀರ್ಮಾನ ಮಾಡಿ.

ಹಂತ 8: ಲೈಫ್ ಜಾಕೆಟ್ ಮತ್ತು ಬಿಸಿಲು

ವೆಟ್‌ಸೂಟ್ ತೇಲುತ್ತದೆ, ಹಾಗಂತ ಅದು ಲೈಫ್ ಜಾಕೆಟ್ ಅಲ್ಲ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ನೀರಿನ ಮೇಲೆ ಇಡುವುದಿಲ್ಲ. ನಮ್ಮ ಕಡೆ ಈಜು ಬಂದರೂ ಅದು ತೋಟದ ಕೆರೆಯಲ್ಲಿ, ಹೊಳೆಯ ಗುಂಡಿಯಲ್ಲಿ ಕಲಿತದ್ದು. ಅಲೆ, ಸೆಳೆತ ಬೇರೆಯೇ ವಿಷಯ. ಈಜು ಬಂದವರೂ ಹಾಕಿಕೊಳ್ಳಿ. ಕೊಟ್ಟ ಜಾಕೆಟ್ಟಿನ ಮೂರೂ ಬಕಲ್ ಹಾಕಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿಸಿ ನೋಡಿ. ಗಲ್ಲಕ್ಕೆ ಬಂದು ತಾಗಿದರೆ ಸಡಿಲ.

ಬಿಸಿಲು ಬೀಳೋದು ಕತ್ತಿನ ಹಿಂದೆ, ಮಂಡಿಯ ಹಿಂದೆ, ಮೀನಖಂಡದ ಮೇಲೆ. ನೀರು ತಣ್ಣಗಿರುವುದರಿಂದ ಸುಟ್ಟಿದ್ದು ಗೊತ್ತಾಗೋದು ರಾತ್ರಿಯೇ. ಬಟ್ಟೆಯಿಂದ ಮುಚ್ಚುವುದೇ ಒಳ್ಳೆ ಉಪಾಯ. ಉಳಿದ ಕಡೆಗೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಚ್ಚಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವುದು ಬೇಡ. ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ. ಮಾಸ್ಕ್ ಕೂರುವ ಜಾಗಕ್ಕೆ ಮಾತ್ರ ಏನನ್ನೂ ಹಚ್ಚಬೇಡಿ.

ಹಂತ 9: ಊರಿನಲ್ಲೇ ಒಮ್ಮೆ ನೀರಿಗೆ ಇಳಿಯಿರಿ

ಊರಿನ ಈಜುಕೊಳಕ್ಕೋ, ಕೊಳ ಇರುವ ಹೋಂಸ್ಟೇಗೋ ಹೋಗಿ, ಎದೆಮಟ್ಟದ ನೀರಿನಲ್ಲಿ ಎಲ್ಲವನ್ನೂ ಹಾಕಿ ನೋಡಿ. ಗೊರೂರಿನ ಹಿನ್ನೀರು, ಹಿರೇಕೊಳಲೆ ಕೆರೆ, ಅಯ್ಯನಕೆರೆಯಲ್ಲಿ ಈ ಅಭ್ಯಾಸ ಖಂಡಿತ ಬೇಡ. ತಳ ಕಾಣಲ್ಲ, ಕೆಸರು, ಬಳ್ಳಿ ಕಾಲಿಗೆ ಸುತ್ತುತ್ತವೆ. ಕಾವಲಿಗೂ ಯಾರೂ ಇರಲ್ಲ.

1. ಬರೀ ಮಾಸ್ಕ್ ಹಾಕಿ ಮುಖ ಮುಳುಗಿಸಿ ಒಂದು ನಿಮಿಷ. ಪಟ್ಟಿ ತಲೆಯ ಹಿಂದಿನ ಉಬ್ಬಿನ ಮೇಲೆ ಕೂರಬೇಕು. ಸೋರಿದರೆ ಬಿಗಿ ಮಾಡಬೇಡಿ, ಮೊದಲು ಸಡಿಲ ಮಾಡಿ ನೋಡಿ. ತೀರಾ ಬಿಗಿದರೂ ಸ್ಕರ್ಟ್ ಮಡಚಿ ಸೋರುತ್ತದೆ.
2. ಸ್ನಾರ್ಕೆಲ್ ಎಡಗಡೆ ಸಿಕ್ಕಿಸಿ, ನಿಂತಲ್ಲೇ ಬಗ್ಗಿ ಉಸಿರಾಡಿ. ಬಾಯಿಂದ ನಿಧಾನಕ್ಕೆ ಎಳೆದು, ಪೂರ್ತಿ ಬಿಡಿ.
3. ಬೇಕಂತಲೇ ಕೊಳವೆಗೆ ನೀರು ತುಂಬಿಸಿ, ಒಂದೇ ಊದಿಗೆ ಹೊರಗೆ ಹಾಕಿ. ಇದು ಬರುವ ತನಕ ಮುಂದೆ ಹೋಗಬೇಡಿ.
4. ಮಾಸ್ಕಿಗೆ ಸ್ವಲ್ಪ ನೀರು ಬಿಟ್ಟುಕೊಂಡು, ಮೇಲಿನ ಅಂಚನ್ನು ಹಣೆಗೆ ಒತ್ತಿ, ತಲೆ ಎತ್ತುತ್ತಾ ಮೂಗಿನಿಂದ ಊದಿ. ನೀರು ಕೆಳಗಿನಿಂದ ಹೋಗುತ್ತದೆ.
5. ಬೆನ್ನ ಮೇಲೆ ತಿರುಗಿ, ಕೊಳವೆ ತೆಗೆದು, ತೇಲಿಕೊಂಡು ಉಸಿರಾಡಿ. ಕಷ್ಟ ಬಂದಾಗ ಕಾಪಾಡೋದು ಇದೊಂದೇ. ಕೈಕಾಲಿಗೆ ರೂಢಿ ಆಗುವ ತನಕ ಮಾಡಿ.

ಇಲ್ಲೊಂದು ಮೋಸ ಆಗುತ್ತದೆ. ಬಿಸಿ ಮಾಡದ ನಮ್ಮ ಕೊಳದ ನೀರು ಡಿಸೆಂಬರ್‌ನಲ್ಲಿ ಅಂಡಮಾನ್ ಸಮುದ್ರಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಅದರಲ್ಲಿ ನಡುಗಿದವರು ಗಾಬರಿಯಾಗಿ ಇನ್ನೂ ದಪ್ಪ ಸೂಟ್ ತರಿಸುತ್ತಾರೆ. ಕೊಳದಲ್ಲಿ ಸೂಟಿನ ಅಳತೆ ಮಾತ್ರ ನೋಡಿ. ದಪ್ಪವನ್ನು ಕಾಗದದ ಲೆಕ್ಕವೇ ಹೇಳಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಹೋಗಿ, ಮಕ್ಕಳನ್ನು ಹತ್ತು ನಿಮಿಷಕ್ಕೊಮ್ಮೆ ಮೇಲೆ ಹತ್ತಿಸಿ.

ಹಂತ 10: ಬ್ಯಾಗ್ ತುಂಬೋದು

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕೆಜಿ ಚೆಕ್ ಇನ್, 7 ಕೆಜಿ ಕ್ಯಾಬಿನ್. ಮಾಸ್ಕನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ವೆಟ್‌ಸೂಟನ್ನು ಮಡಚಿ ಒತ್ತಬೇಡಿ, ಗೆರೆ ಬಿದ್ದ ಕಡೆ ತೆಳ್ಳಗಾಗುತ್ತದೆ. ಸಡಿಲವಾಗಿ ಸುತ್ತಿ ಇಡಿ. ನೀರು ಹೀರಿದ ಸೂಟ್ ತುಂಬಾ ಭಾರ. ವಾಪಸ್ ಬರುವ ಹಿಂದಿನ ದಿನವೇ ನೀರಾಟ ಮುಗಿಸಿ, ಒಣಗೋಕೆ ಸಮಯ ಕೊಡಿ.

ಎಲ್ಲರೂ ಮರೆಯುವ ಒಂದು ಸಾಮಾನು ಇದೆ, ಗಾಳಿ ತಡೆಯುವ ತೆಳು ಜಾಕೆಟ್. ನೇತ್ರಾಣಿಗೆ ಮುರುಡೇಶ್ವರದಿಂದ ಹೋಗಿ ಬರುವ ದೋಣಿ ದಾರಿ ಚಿಕ್ಕದಲ್ಲ. ಒದ್ದೆ ಮೈಗೆ ದೋಣಿಯ ಗಾಳಿ ಬಡಿದಾಗ ಆಗುವ ಚಳಿ ನೀರೊಳಗಿನದಕ್ಕಿಂತ ಜಾಸ್ತಿ. ಮೇಲೆ ಬಂದ ಕೂಡಲೇ ಮಕ್ಕಳ ಮೈ ಒರೆಸಿ ಅದನ್ನು ಹಾಕಿ.

ಹಂತ 11: ಸಮುದ್ರದಲ್ಲಿ ಗಮನಿಸಬೇಕಾದ ಸೂಚನೆಗಳು

ಇಳಿಯುವ ಮೊದಲು ಸ್ಥಳೀಯ ಗೈಡ್ ಮಾತು ಕೇಳಿ. ಹ್ಯಾವ್ಲಾಕ್‌ನ ಎಲಿಫೆಂಟ್ ಬೀಚ್, ನೀಲ್ ದ್ವೀಪದ ಭರತ್‌ಪುರ್ ಬೀಚ್‌ನಂಥ ಗೊತ್ತಿರುವ ಜಾಗದಲ್ಲೇ ಇಳಿಯಿರಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಎಚ್ಚರಿಕೆ ಬೋರ್ಡ್ ಇರುವ ಕಡೆ ಕಾಲೂ ಅದ್ದಬೇಡಿ.

ಕೆಳಗಿನ ಯಾವುದಾದರೂ ಕಂಡರೆ ಕೂಡಲೇ ಮೇಲೆ ಬನ್ನಿ. ಮಗುವಿನ ತುಟಿ ನೀಲಿಯಾಗುವುದು, ಮಾತು ತೊದಲುವುದು. ನಡುಕ ನಿಲ್ಲದಿರುವುದು. ಅಷ್ಟೇನೂ ಈಜದಿದ್ದರೂ ಏದುಸಿರು, ಕೈಕಾಲಿನಲ್ಲಿ ಶಕ್ತಿ ಇಲ್ಲ ಅನ್ನಿಸುವುದು, ಎದೆ ಬಿಗಿತ. ಕೊನೆಯದನ್ನು ಸುಸ್ತು ಅಂತ ತಳ್ಳಿ ಹಾಕಬೇಡಿ. ಕೊಳವೆಯಿಂದ ಕಷ್ಟಪಟ್ಟು ಉಸಿರೆಳೆಯುತ್ತಿದ್ದರೆ ಶ್ವಾಸಕೋಶಕ್ಕೆ ನೀರಿನಂಶ ಸೇರಿ ಅಪಾಯವಾಗಬಹುದು. ಬೆನ್ನ ಮೇಲೆ ತಿರುಗಿ, ಕೊಳವೆ ಉಗುಳಿ, ಕೈ ಎತ್ತಿ ಬೀಸಿ. ಬಿಪಿ, ಹೃದಯದ ತೊಂದರೆ, ಆಸ್ತಮಾ ಇರುವವರು ಹೊರಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಕುಡಿದು ಇಳಿಯೋದಂತೂ ಬೇಡವೇ ಬೇಡ.

ಸ್ನಾರ್ಕೆಲ್ ಮಾಡುವವರು ಮುಖ ಕೆಳಗೆ ಹಾಕಿ ತೇಲುತ್ತಿರುತ್ತಾರೆ. ತೊಂದರೆಯಲ್ಲಿ ಇರುವವರೂ ಹಾಗೇ ಕಾಣುತ್ತಾರೆ. ಅದಕ್ಕೇ ಇಬ್ಬಿಬ್ಬರು ಜೋಡಿಯಾಗಿರಿ, ಆಗಾಗ ಒಬ್ಬರನ್ನೊಬ್ಬರು ಮುಟ್ಟಿ ಮಾತಾಡಿಸಿ.

ಹವಳದ ಮೇಲೆ ನಿಲ್ಲಬೇಡಿ, ಮುರಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ಹುಲಿಯ ಜೊತೆಗೇ ಮೊದಲ ಪಟ್ಟಿಯಲ್ಲಿ ಜಾಗ ಇದೆ. ಸತ್ತ ತುಂಡು ಅಂತ ಬ್ಯಾಗಿಗೆ ಹಾಕಿಕೊಂಡರೂ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ.

ಹಂತ 12: ತಂದ ಮೇಲೆ ತೊಳೆದು ಇಡೋದು

ಎಲ್ಲವನ್ನೂ ಅರ್ಧ ಗಂಟೆ ಸಿಹಿನೀರಿನಲ್ಲಿ ನೆನೆಸಿ, ಜಾಲಿಸಿ. ಸೂಟಿನ ಒಳಮೈ ಹೊರಗೆ ಮಾಡಿ ಮೊದಲು ಅದನ್ನು ಒಣಗಿಸಿ. ವಾಷಿಂಗ್ ಮೆಷಿನ್, ಬಿಸಿನೀರು, ಬ್ಲೀಚ್ ಯಾವುದೂ ಬೇಡ. ಕಾಫಿ ಒಣಗಿಸುವ ಕಣದ ಮೇಲೆ ಹರಡಬೇಡಿ. ಮಧ್ಯಾಹ್ನ ಕಾದ ಸಿಮೆಂಟಿನ ಬಿಸಿಗೆ ನಿಯೋಪ್ರೀನ್ ಗಡುಸಾಗಿ ಸೀಳುತ್ತದೆ. ನೆರಳಿನಲ್ಲಿ, ಗಾಳಿ ಆಡುವ ಕಡೆ, ದಪ್ಪ ಬಿದಿರಿನ ಗಳದ ಮೇಲೆ ಸೊಂಟಕ್ಕೆ ಮಡಚಿ ಹಾಕಿ. ತಂತಿಗೆ ಹಾಕಿದರೆ ಗೆರೆ ಬೀಳುತ್ತದೆ.

ನಮ್ಮ ಕಡೆ ಈ ಸಾಮಾನು ಹಾಳಾಗೋದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ, ಇನ್ನು ಮಾಸ್ಕ್ ಬಿಡುತ್ತದಾ? ಸ್ಕರ್ಟಿನ ಸಂದಿಯಲ್ಲಿ ಕರಿ ಚುಕ್ಕೆ ಒಮ್ಮೆ ಕೂತರೆ ಹೋಗಿಸೋದು ಕಷ್ಟ. ಪೂರ್ತಿ ಒಣಗಿದ ಮೇಲೆ ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ ಮುಚ್ಚಿ. ಪಾರದರ್ಶಕ ಸ್ಕರ್ಟಿನ ಮಾಸ್ಕನ್ನು ಕಪ್ಪು ರಬ್ಬರಿನ ಫಿನ್ ಜೊತೆ ಒಟ್ಟಿಗೆ ಇಡಬೇಡಿ, ಬಣ್ಣ ಹತ್ತುತ್ತದೆ. ಬೆಚ್ಚಗಿರುತ್ತದೆ ಅಂತ ಒಲೆ ಮೇಲಿನ ಅಟ್ಟಕ್ಕೆ ಹಾಕೋದೂ ತಪ್ಪು, ಬಿಸಿಗೆ, ಹೊಗೆಗೆ ಸಾಮಾನು ಕೆಡುತ್ತದೆ.

ಆಗಸ್ಟಿನಲ್ಲಿ ಬಿಸಿಲು ಬಂದ ಒಂದು ದಿನ ಡಬ್ಬಿ ತೆಗೆದು ನೋಡಿ. ಸಿಲಿಕಾ ಜೆಲ್ ಬದಲಿಸಿ, ಸೂಟಿನ ಜಿಪ್ ಎರಡು ಸಲ ಎಳೆದು ಬಿಡಿ, ಸ್ನಾರ್ಕೆಲ್‌ನ ವಾಲ್ವ್ ಅಂಟಿಕೊಂಡಿದೆಯಾ ಅಂತ ಊದಿ ನೋಡಿ ಮತ್ತೆ ಮುಚ್ಚಿಡಿ.